ದವಡೆಗೆ ಬಿದ್ದ ಚಿಲಕ

ನಾನು ಮೇಷ್ಟರಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊಟ್ಟಮೊದಲು ಹೇಳಿದವರು ನನ್ನ ಸೋದರಮಾವ. ಕಂಪ್ಲಿಯವರು, ಎತ್ತಿನ ವ್ಯಾಪಾರಿ. ಎತ್ತಿನ ಬಾಯಿ ಅಗಲಿಸಿ, ಹಲ್ಲು ನೋಡಿ, ಅದರ ಯೋಗ್ಯತೆ ಹೇಳುವುದು ಅವರ ಕಸುಬು. ಒಂದು ದಿನ ನನ್ನ ಬಾಯನ್ನೂ ಹಾಗೆಯೇ ಹೆಬ್ಬೆರಳಿನಿಂದ ಅಗಲಿಸಿ ನೋಡಿ, ಅವ್ವನ ಎದುರಿಗೇ ತೀರ್ಪು ಕೊಟ್ಟರು.

“ಕೆಳದೌಡಿ ಹಿಂಗ ಮುಂದ ಬಂದಿದ್ರ ಎತ್ತನ್ನೂ ಯಾರೂ ಕೊಳ್ಳೂದಿಲ್ಲ ತಂಗೆವ್ವಾ. ಇವ ಬಿ.ಎ. ಮಾಡ್ಯಾನ, ಖರೇ. ಆದ್ರ ಪಾಠ ಹೇಳೂದು ತಲಿಯಿಂದಲ್ಲ, ಬಾಯಿಂದ.”

ಮಾವ ಹೇಳಿದ್ದು ಸುಳ್ಳಲ್ಲ. ನನ್ನ ಕೆಳಗಿನ ಹಲ್ಲು ಮೇಲಿನ ಹಲ್ಲನ್ನು ದಾಟಿ ಮುಂದೆ ನಿಂತಿದ್ದವು. ಮೆಣಸಿನಕಾಯಿ ಬಜ್ಜಿಯನ್ನು ಕಚ್ಚಲಾರದೆ ಕೈಯಿಂದ ಹರಿದು ತಿನ್ನುತ್ತಿದ್ದೆ. ಅದು ಹೋಗಲಿ, ಬಾಯಿಂದ ‘ಸ’ ಹೊರಡುತ್ತಿರಲಿಲ್ಲ. ನನ್ನ ಬಾಯಲ್ಲಿ ನಮ್ಮೂರು ಹೊಥಪೇಟೆ, ಪಕ್ಕದ ಸಂಸ್ಥಾನ ಥಂಡೂರು. ಹೆಬ್ಬೆಟ್ಟು ಒತ್ತುವವರ ಮನೆಯಲ್ಲಿ ಹುಟ್ಟಿ, ಮದರಾಸಿಗೆ ಹೋಗಿ, ಬಿ.ಎ. ಪಾಸು ಮಾಡಿದವನು ನಾನೊಬ್ಬನೇ. ಅದನ್ನು ಇಂದಿಗೂ ಎದೆಯುಬ್ಬಿಸಿಯೇ ಹೇಳುತ್ತೇನೆ. ಆದರೆ ಹೈಸ್ಕೂಲಿನಲ್ಲಿ ಮೇಷ್ಟರಾಗಲು ಎಲ್.ಟಿ. ಎಂಬ ಶಿಕ್ಷಕರ ಪರೀಕ್ಷೆ ಪಾಸಾಗಬೇಕಿತ್ತು. ಅದಕ್ಕೆ ಬರೆದರೆ ಸಾಲದು. ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತಿರುವಾಗ ತರಗತಿಗೆ ಪಾಠ ಮಾಡಿ ತೋರಿಸಬೇಕು.

ನಾನು ಇಂಗ್ಲಿಷ್ ಪಾಠ ಹಿಡಿದೆ. ಏನು ಕೇಳಿದರೂ ಗಟ್ಟಿಯಾಗಿ ‘ಯೆಸ್ ಸರ್’ ಎನ್ನಬೇಕೆಂದು ಹುಡುಗರಿಗೆ ಮೊದಲೇ ಹೇಳಿಕೊಟ್ಟೆ. ಅರ್ಥವಾಯಿತೇ ಎಂದು ಕೇಳಿದ್ದೇ ತಡ, ಇಡೀ ತರಗತಿ ಎದ್ದು ನಿಂತು ಒಂದೇ ದನಿಯಲ್ಲಿ ಕೂಗಿತು: “ಯೆಥ್ ಥರ್!”

ಪಾಪ, ಅವರು ನನ್ನನ್ನು ಅಣಕಿಸಲಿಲ್ಲ. ಬಿ.ಎ. ಪಾಸಾದವರು ಹೇಳಿಕೊಟ್ಟ ಮೇಲೆ ಶುದ್ಧ ಇಂಗ್ಲಿಷ್ ಅದೇ ಎಂದುಕೊಂಡಿದ್ದರು. ನಾನು ಫೇಲಾದೆ. ಇನ್ನೊಂದು ಸಲ ಕೂರಲು ಬಿಡುತ್ತೇವೆ, ಆಗಲೂ ಉಚ್ಚಾರ ಹೀಗೇ ಇದ್ದರೆ ಬೇರೆ ಕೆಲಸ ನೋಡಿಕೋ ಎಂದರು ಟ್ರೇನಿಂಗ್ ಕಾಲೇಜಿನ ಪ್ರಿನ್ಸಿಪಾಲರು.

ಹೀಗಾಗಿ ದವಡೆ ಸರಿಮಾಡಿಸಿಕೊಳ್ಳಲು ಮದರಾಸಿನ ದೊಡ್ಡಾಸ್ಪತ್ರೆಗೆ ಹೋದೆ. ಜೊತೆಗೆ ಮಾವ. ಎತ್ತಿನ ವ್ಯಾಪಾರದಲ್ಲಿ ಕಲಿತ ತೆಲುಗು ಅವರಿಗೆ ಚೆನ್ನಾಗಿತ್ತು, ಡಾಕ್ಟರರೂ ತೆಲುಗಿನವರು. ಹೀಗಾಗಿ ಇಬ್ಬರೂ ನನ್ನನ್ನು ಬಿಟ್ಟು ನನ್ನ ದವಡೆಯ ವಿಷಯ ಬಹಳ ಹೊತ್ತು ಮಾತಾಡಿದರು.

“ಏನಂದ್ರು ಮಾವ?”

“ದೌಡಿ ಎರಡೂ ಕಡೆ ಕೊಯ್ದು ಹಿಂದಕ ತಳ್ಳತಾರಂತ. ಮ್ಯಾಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗದು ಚಿಲಕಾ ಹಾಕ್ತಾರ. ಎಲುಬು ಕೂಡೋತನಕ, ಒಂದೂವರಿ ತಿಂಗಳು, ಬಾಯಿ ತೆಗಿಯಂಗಿಲ್ಲ.”

“ಮತ್ತ ಊಟ?”

“ಹಲ್ಲಿನ ಸಂದ್ಯಾಗ ಎಷ್ಟು ಸೋರಿ ಹೊಕ್ಕತೈತೋ ಅಷ್ಟು.”

ಆಪರೇಷನ್ ಮುಗಿದು ಎಚ್ಚರವಾದಾಗ ಮುಖ ಕುಂಬಳಕಾಯಿಯಾಗಿತ್ತು. ಕೆಳತುಟಿ ಇದೆಯೋ ಇಲ್ಲವೋ ತಿಳಿಯದಷ್ಟು ಮರಗಟ್ಟಿತ್ತು. ಅಂದುಕೊಂಡದ್ದಕ್ಕಿಂತ ನೋವು ಕಡಿಮೆ, ಹಸಿವು ಹೆಚ್ಚು. ಬಾವು ಇಳಿದು ಮನೆಗೆ ಹೊರಟಾಗ ಡಾಕ್ಟರು ಮಾವನ ಕೈಗೆ ಒಂದು ಇಕ್ಕಳ ಕೊಟ್ಟರು. ವಾಂತಿ ಬಂದರೆ ಉಸಿರು ಕಟ್ಟುತ್ತದೆ, ಕೂಡಲೇ ತಂತಿ ಕತ್ತರಿಸಬೇಕು ಎಂದು. ಮಾವ ಅದನ್ನು ಎಲೆಅಡಿಕೆ ಚೀಲದ ಪಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನಗೆ ಬಿಕ್ಕಳಿಕೆ ಬಂದರೂ ಹಿರಿಯುತ್ತಿದ್ದರು. ಗುಂತಕಲ್ಲಿನ ಹತ್ತಿರ ರೈಲಿನಲ್ಲಿ ನಾನು ಒಮ್ಮೆ ಸೀನಿದಾಗ ಡಬ್ಬಿಯ ಜನ ಸೇರಿ ಅವರ ಕೈ ಹಿಡಿಯಬೇಕಾಯಿತು.

ಊರಲ್ಲಿ ಅವ್ವ ರಾಗಿ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ ಗಿಂಡಿಯಿಂದ ಹಲ್ಲಿನ ಸಂದಿಗೆ ಹುಯ್ಯುತ್ತಿದ್ದಳು. ಕ್ಷೌರ ಮಾಡಿಸುವಂತಿರಲಿಲ್ಲ, ಗಡ್ಡ ಬೆಳೆಯಿತು. ಮೈ ಇಳಿದು ಕಣ್ಣು ಒಳಗೆ ಹೋದವು. ಅವ್ವ ಹೊತ್ತ ಹರಕೆಗೆಂದು ಹಂಪಿಗೆ ಹೋದಾಗ, ಗದ್ದದಿಂದ ನೆತ್ತಿಗೆ ಬಿಳಿ ಪಂಚೆ ಕಟ್ಟಿಕೊಂಡು, ಮಾತಿಗೆಂದು ತಂದ ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಗುಡಿಯ ಕಟ್ಟೆಯ ಮೇಲೆ ಕುಳಿತೆ. ಪಕ್ಕದಲ್ಲಿ ಇಕ್ಕಳ ಹಿಡಿದ ಮಾವ.

ಸಂಡೂರು ಕಡೆಯವನೊಬ್ಬ ಬಂದು ಕೈಮುಗಿದ. “ಯಾವ ಮಠದ ಸಾಮ್ಗಳ್ರೀ ಇವ್ರು? ಮೌನವ್ರತ ಏನ್ರಿ?”

“ವ್ರತಾ ಗಿತಾ ಏನಿಲ್ಲಪ್ಪ,” ಎಂದರು ಮಾವ. “ಬಾಯಿಗೆ ತಂತಿ ಬಿಗದೈತಿ.”

“ತಂತಿ! ಮಾತು ಹೊರಗ ಬರಬಾರದಂತ ತಂತೀನ ಬಿಗಕೊಂಡಾರ? ಎಂಥಾ ನಿಷ್ಠಿರೀ ಯಪ್ಪಾ!”

ನಿಜ ಹೇಳಿದ್ದೇ ತಪ್ಪಾಯಿತು. ಜನ ಸೇರಿದರು. ಬಾಳೆಹಣ್ಣು, ಮಂಡಕ್ಕಿ, ಹೋಳಿಗೆ ನನ್ನ ಮುಂದೆ ಬಂದವು. ನಾನು ಮೂಸಿ ನೋಡಿದೆ, ಮಾವ ತಿಂದರು. “ಸಾಮ್ಗಳ ಪರವಾಗಿ,” ಎಂದು ಬಾಯಿ ತುಂಬಿಕೊಂಡೇ ಹೇಳಿದರು.

ಒಬ್ಬ ಮುದುಕಿ ಕಾಲಿಗೆ ಬಿದ್ದಳು. “ನನ್ನ ಮೊಮ್ಮಗ ಈ ಸಲ ಪರೀಕ್ಷಿ ಪಾಸ್ ಆಗ್ತಾನೇನ್ರೀ ಸಾಮಿ?”

ನಾನೇ ಫೇಲಾದವನು, ಏನು ಹೇಳಲಿ? ಸ್ಲೇಟಿನ ಮೇಲೆ ‘ಓದಿದರೆ ಆಗುತ್ತಾನೆ’ ಎಂದು ಬರೆದು ತೋರಿಸಿದೆ. ಆಕೆಗೆ ಓದಲು ಬಾರದು. ಸ್ಲೇಟನ್ನು ಕಣ್ಣಿಗೊತ್ತಿಕೊಂಡು, ಮೂರು ಬೆರಳಲ್ಲಿ ಅಕ್ಷರಗಳನ್ನು ಒರೆಸಿ, ಆ ಬಳಪದ ಪುಡಿಯನ್ನೇ ವಿಭೂತಿ ಎಂದು ಹಣೆಗೆ ಬಳಿದುಕೊಂಡು ಹೋದಳು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಕಂಬದ ಹಿಂದೆ ನಗುತ್ತಿದ್ದಳು. ನಾನೂ ನಗಬೇಕೆಂದರೆ ಚಿಲಕ.

ತಂತಿ ಬಿಚ್ಚಿದ ದಿನ ‘ಸರಸ್ವತಿ’ ಎನ್ನೋಣವೆಂದು ಬಾಯಿ ತೆರೆದೆ; ಒಂದು ಬೆರಳು ಹಿಡಿಯುವಷ್ಟೂ ತೆರೆಯಲಿಲ್ಲ. ಇದನ್ನು ಮುಂಚೆ ಯಾರೂ ಹೇಳಿರಲಿಲ್ಲ. ಹಲ್ಲಿನ ನಡುವೆ ತೆಳು ಕಟ್ಟಿಗೆಯ ಚಕ್ಕೆಗಳನ್ನು ಇಟ್ಟು, ಬರಬರುತ್ತಾ ಒಂದೊಂದೇ ಹೆಚ್ಚಿಸುತ್ತಾ ಬಾಯಿ ಅಗಲಿಸಬೇಕು. ಜೊತೆಗೆ ನಾಲಿಗೆಗೂ ಹೊಸ ಮನೆ; ಎಲ್ಲಿ ಕೂರಬೇಕೆಂದು ಅದಕ್ಕೇ ತಿಳಿಯದು. ಹಿತ್ತಲ ಗೋಡೆಗೆ ಮುಖಮಾಡಿ ಸ, ಸಾ, ಸಿ, ಸೀ ಎಂದು ಮೊದಲಿನಿಂದ ಕಲಿತೆ. ಮಾವ ಅಲ್ಲೇ ಕುಳಿತು ಪರೀಕ್ಷೆ ಮಾಡುವರು: “ಲೇ, ಸೊಸಿ ಸೀರಿ ಅನ್ನು. ಹ್ಞಾಂ, ಬಂತು. ಇನ್ನೊಮ್ಮಿ!”

ಎರಡನೆಯ ಸಲ ಪರೀಕ್ಷಕರ ಮುಂದೆ ನಿಂತಾಗ ಪಾಠಕ್ಕಿಂತ, ಈ ಸಲವೂ ಹುಡುಗರಿಗೆ ನಾನೇ ಹೇಳಿಕೊಟ್ಟಿದ್ದ ಆ ಮೊದಲ ಮಾತಿನ ಭಯವೇ ಹೆಚ್ಚಾಗಿತ್ತು. ಅರ್ಥವಾಯಿತೇ ಎಂದೆ. ಹುಡುಗರು ಎದ್ದರು. ನಾನು ಕಣ್ಣು ಮುಚ್ಚಿಕೊಂಡೆ.

“ಯೆಸ್ ಸರ್!”

ಆ ‘ಸ’ಕಾರ ಒರೆಸಿದ ಸ್ಲೇಟಿನಷ್ಟು ಸ್ವಚ್ಛವಾಗಿತ್ತು. ಆಮೇಲೆ ಏನು ಪಾಠ ಮಾಡಿದೆನೋ ನೆನಪಿಲ್ಲ. ಪಾಸಾದೆ.

ಕಾಲೇಜಿನ ಕೋಣೆಯಲ್ಲಿ ಪ್ರಿನ್ಸಿಪಾಲರು ಸರ್ಟಿಫಿಕೇಟು ಕೈಗಿಟ್ಟಾಗ ಮಾವನೂ ಪಕ್ಕದಲ್ಲಿದ್ದರು. ಓದಲು ಬಾರದಿದ್ದರೂ ಅದನ್ನು ಇಸಕೊಂಡು, ತಿರುಗಿಸಿ ಮುರುಗಿಸಿ ನೋಡಿದರು.

“ಇಲ್ಲಿ ಏನು ಬರದಾರಲೇ?”

“ನನ್ನ ಹೆಸರು, ಮಾವ.”

“ನಿನ್ನ ಹೆಸರಷ್ಟನಾ? ಕೊಯ್ಸಿಕೊಂಡಿದ್ದು ದೌಡಿ, ಉಪಾಸ ಬಿದ್ದಿದ್ದು ದೌಡಿ. ಅದರ ಹೆಸರೂ ಒಂದು ಮೂಲ್ಯಾಗ ಬರದು ಕೊಡ್ರಿ ಅನ್ನು ಸಾಹೇಬ್ರಿಗೆ!”