ಏನೂ ಇಲ್ಲಮ್ಮ

ಶಿವಲೀಲಾಳ ತಾಯಿಗೆ ಸುಳ್ಳು ಹೇಳಿದವಳು ನಾನು. ಅವರ ರಕ್ತದಲ್ಲಿ ಏನಿದೆ ಎಂಬುದು ನನಗೆ ಗೊತ್ತಿತ್ತು. ಅವರೇ ಬಾಯಿಬಿಟ್ಟು ಕೇಳಿದಾಗ, ಏನೂ ಇಲ್ಲ ಎಂದೆ. ಆ ಮಾತನ್ನು ನಂಬಿ ಅವರು ಆಸ್ಪತ್ರೆಗೆ ಹೋಗುವುದನ್ನು ಮುಂದೆ ಹಾಕಿದರು. ಮುಂದೆ ಹಾಕಿ, ಹಾಕಿ — ಸತ್ತರು.

ನಾನು, ಲೀಲಾ ಇಬ್ಬರೂ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಂಸ್ಥೆಯಲ್ಲಿ ತರಬೇತಿಗೆ ಸೇರಿದ್ದೆವು. ಗಣಿತ ಓದಿದವರಿಗೆ ಜೀನೋಮ್ ದತ್ತಾಂಶವನ್ನು ಓದಲು ಕಲಿಸುವ ತರಬೇತಿ ಅದು. ರಕ್ತದ ಮಾದರಿಯಿಂದ ಯಂತ್ರ ತೆಗೆದುಕೊಡುವ ಅಕ್ಷರಗಳ ರಾಶಿಯಲ್ಲಿ ಯಾವ ಬದಲಾವಣೆ ಯಾವ ಕಾಯಿಲೆಯ ಕಡೆಗೆ ಬೊಟ್ಟು ಮಾಡುತ್ತದೆ ಎಂದು ನಾವು ಹುಡುಕಬೇಕಿತ್ತು. ಅಭ್ಯಾಸಕ್ಕೆಂದು ನಮ್ಮದೇ ರಕ್ತ ಕೊಟ್ಟಿದ್ದೆವು. ಲೀಲಾಳ ಜೊತೆ ಬಂದಿದ್ದ ಅವಳ ತಾಯಿ ಗಂಗವ್ವ, "ಮಗಳು ಕೊಡ್ತಾಳಂದ್ರ ನಂದೂ ತಗೋರಿ" ಎಂದು ನಗುತ್ತಾ ತೋಳು ಚಾಚಿದ್ದರು.

ಗದಗದ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ದೊಡ್ಡತೋಗೂರಿನ ಬಾಡಿಗೆ ಮನೆಯಲ್ಲಿದ್ದರು. ಭಾನುವಾರ ನನ್ನ ಊಟ ಅಲ್ಲಿಯೇ. "ಪಿ.ಜಿ. ಅನ್ನ ತಿಂದು ಸೊರಗೀಯವ್ವಾ ಮಂಜುಳಾ" ಎಂದು ಇನ್ನೊಂದು ರೊಟ್ಟಿ ಹಾಕುತ್ತಿದ್ದರು.

ಮಾದರಿಗಳಿಂದ ಹೆಸರು ತೆಗೆದು ಹಂಚಿದ್ದರು. ಯಾರದೆಂದು ಹುಡುಕಕೂಡದು, ಗಂಭೀರವಾದದ್ದು ಕಂಡರೆ ಮುಖ್ಯಸ್ಥರಿಗೆ ತಿಳಿಸಬೇಕು, ಮುಂದಿನದನ್ನು ವೈದ್ಯರು ನೋಡಿಕೊಳ್ಳುತ್ತಾರೆ — ಇಷ್ಟೇ ನಿಯಮ. ನಾನು ಹುಡುಕಿದೆ. ಕುತೂಹಲ, ಜಾಣತನದ ಸೊಕ್ಕು. ನನ್ನ ಪಾಲಿಗೆ ಬಂದಿದ್ದರಲ್ಲಿ ಎರಡು ಮಾದರಿಗಳು ತಾಯಿ-ಮಗಳದು ಎಂದು ಹೋಲಿಸಿದ ಕೂಡಲೇ ತಿಳಿಯಿತು. ತಾಯಿಯನ್ನು ಕರೆತಂದವಳು ಲೀಲಾ ಒಬ್ಬಳೇ. ಆ ಎರಡರಲ್ಲೂ ಒಂದೇ ಕೆಡುಕು ಇತ್ತು. ಸ್ತನ ಕ್ಯಾನ್ಸರಿನ ಅಪಾಯವನ್ನು ಬಹಳ ಹೆಚ್ಚಿಸುವ ಬದಲಾವಣೆ.

ಯಾರದೆಂದು ಹೇಳದೆಯೇ ಮುಖ್ಯಸ್ಥರಿಗೆ ತಿಳಿಸಬಹುದಿತ್ತು. ತಿಳಿಸಲಿಲ್ಲ. ನಾನು ಏನೇನು ತೆರೆದು ನೋಡಿದ್ದೇನೆಂದು ಕೇಳಿದರೆ? ತರಬೇತಿ ಮುಗಿದ ಮೇಲೆ ನಮ್ಮಲ್ಲಿ ಒಬ್ಬರನ್ನು ಅಲ್ಲೇ ಉಳಿಸಿಕೊಳ್ಳುತ್ತಾರೆಂಬ ಮಾತಿತ್ತು. ಆ ಜಾಗ ನನಗೆ ಬೇಕಿತ್ತು.

ಆಮೇಲಿನ ಒಂದು ಭಾನುವಾರ, ಲೀಲಾ ಮೊಸರು ತರಲು ಅಂಗಡಿಗೆ ಹೋಗಿದ್ದಳು. ಗಂಗವ್ವ ಒಲೆ ಸಣ್ಣ ಮಾಡಿ ನನ್ನ ಪಕ್ಕ ಬಂದು ಕೂತರು.

"ಎದ್ಯಾಗ ಒಂದು ಗಂಟು ಆಗೇತಿ. ದವಾಖಾನಿಗೆ ನಡಿ ಅಂತ ಇಕಿ ಗಂಟು ಬಿದ್ದಾಳ. ನನಗ ಹೆದರಿಕಿ. ನಮ್ಮ ರಕ್ತ ಎಲ್ಲಾ ನೋಡೀರಲ್ಲ, ಏನರ ಕಂಡತೇನವ್ವಾ?"

ನನಗೆ ಗೊತ್ತಿಲ್ಲ, ಡಾಕ್ಟರ ಹತ್ತಿರ ಹೋಗಿ — ಇಷ್ಟು ಹೇಳಿದ್ದರೆ ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಆದರೆ ಅವರು ಹೋದರೆ ಕಾಯಿಲೆ ಹೊರಬೀಳುತ್ತದೆ, ಆಗ ಆ ಮಾದರಿ ಯಾರ ಕೈಯಲ್ಲಿತ್ತು, ಯಾಕೆ ಸುಮ್ಮನಿದ್ದಳು ಎಂದು... ಇಷ್ಟನ್ನೂ ನಾನು ಅವರ ಮುಖ ನೋಡುತ್ತಲೇ ಯೋಚಿಸಿದೆ.

"ಏನೂ ಇಲ್ಲಮ್ಮ. ನಾನೇ ನೋಡಿದೀನಿ. ಸುಮ್ನೆ ಭಯ ಪಡ್ಬೇಡಿ."

ಅವರು ನನ್ನ ಕೆನ್ನೆ ಸವರಿ ಲಟಿಕೆ ಮುರಿದರು. ಲೀಲಾ ಬಂದ ಮೇಲೆ ನನ್ನ ಮಾತನ್ನೇ ಅವಳಿಗೆ ಒಪ್ಪಿಸಿದರು. ಅವಳ ಒತ್ತಾಯವೂ ಸಡಿಲವಾಯಿತು.

ಕೊನೆಗೆ ನೋವು ತಡೆಯಲಾರದೆ ಆಸ್ಪತ್ರೆಗೆ ಹೋದಾಗ ಕಾಯಿಲೆ ಮೂಳೆಗೆ ಇಳಿದಿತ್ತು. ಲೀಲಾ ತರಬೇತಿ ಬಿಟ್ಟು ಅವ್ವನ ಹಾಸಿಗೆಯ ಪಕ್ಕ ಕೂತಳು. ಆ ಮಾದರಿಯ ಬಗ್ಗೆ ಯಾರೂ ಕೇಳಲಿಲ್ಲ. ಜಾಗ ನನಗೆ ಸಿಕ್ಕಿತು. ಮಣ್ಣಿಗೆ ಹೋದ ದಿನ ಅವಳು ನನ್ನ ಹೆಗಲ ಮೇಲೆ ಬಿದ್ದು ಅತ್ತಳು. ನಾನು ಬೆನ್ನು ಸವರಿದೆ — ಆಗಲೂ ಹೇಳಲಿಲ್ಲ. ಅವಳೊಳಗೂ ಅದೇ ಇದೆ ಎಂದು ಗೊತ್ತಿದ್ದೂ, ವರ್ಷಗಳ ಕಾಲ ಹೊಸ ಹುಡುಗ ಹುಡುಗಿಯರಿಗೆ ಅದೇ ಕೊಠಡಿಯಲ್ಲಿ ಪಾಠ ಮಾಡುತ್ತಾ ಸುಮ್ಮನಿದ್ದೆ.

ಈ ವರ್ಷ ಅವಳಿಗೆ ಹೆಣ್ಣುಮಗುವಾಯಿತು. ನೋಡಲು ವೈಟ್‌ಫೀಲ್ಡಿನ ಅವಳ ಮನೆಗೆ ಹೋದೆ. ಮಗುವಿಗೆ ಗಂಗಾ ಎಂದು ಹೆಸರಿಟ್ಟಿದ್ದಳು. ಅದನ್ನು ನನ್ನ ಮಡಿಲಿಗೆ ಹಾಕಲು ಬಂದಳು. ಎತ್ತಿಕೊಳ್ಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ.

ಅವಳು ಕೂಗಾಡಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡಳು.

"ಮಂಜುಳಾ ನೋಡ್ಯಾಳಂತ ಬಿಡು, ಅಂತಿದ್ಲು ಅವ್ವ. ನಾ ಮತ್ತ ಕೇಳಿದಾಗೆಲ್ಲ ಅದನ್ನ ಅಂತಿದ್ಲು." ಆಮೇಲೆ ಬಾಗಿಲು ತೆಗೆದಳು. "ಹೋಗು."

ಅವಳು ಪರೀಕ್ಷೆ ಮಾಡಿಸಿಕೊಂಡಳು. ಆ ಬದಲಾವಣೆ ಅವಳಲ್ಲಿ ಇದೆ ಎಂದು ವರದಿ ಬಂತೆಂದೂ, ಸದ್ಯ ಕಾಯಿಲೆ ಇಲ್ಲವೆಂದೂ ಅವಳ ಗಂಡ ಫೋನ್ ಮಾಡಿ ತಿಳಿಸಿ, ಇನ್ನು ಮನೆಗೆ ಬರಬೇಡಿ ಎಂದರು. ನಾನು ಸಂಸ್ಥೆಯ ಮುಖ್ಯಸ್ಥರಿಗೂ ಎಲ್ಲವನ್ನೂ ಹೇಳಿದೆ. ಪಾಠದಿಂದ ತೆಗೆದರು.

ಎದೆಯ ತಪಾಸಣೆಗೆಂದು ಲೀಲಾ ಈಗ ಆಗಾಗ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಪ್ರತಿ ಸಲವೂ ವರದಿ ಬರುವ ತನಕ ಅವಳು ಹೇಗಿರುತ್ತಾಳೋ — ಕೇಳಿ ತಿಳಿಯುವ ಹಕ್ಕು ನನಗಿಲ್ಲ.