ಹನಿಗೆ ಬೈಯದ ಸಾಹೇಬರು

ರಕ್ತದ ಕಲೆ ಓದುವುದೇ ಕೆಲಸವಾಗಿದ್ದ ಆ ಪೊಲೀಸ್ ಸಾಹೇಬರು ಶಹಾಬಾದಿನ ನನ್ನ ಅಂಗಡಿಗೆ, ನೆಲಕ್ಕೆ ಹಾಸುವ ಫರಸಿ ಕಲ್ಲು ಮಾರುವಲ್ಲಿಗೆ, ಬಂದರೆ ಕುರ್ಚಿ ಮುಟ್ಟುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ನಾನು ಚೆಲ್ಲಿದ ಚಹಾದ ಹನಿಯನ್ನೂ ಬಗ್ಗಿ ನೋಡುವರು. "ಹನಿಗೆ ಬೈಬ್ಯಾಡ್ರಿ, ಮೊದಲ ಕಲ್ಲು ನೋಡ್ರಿ" ಎನ್ನುವರು.

ಚಿತ್ತಾಪುರದ ಕಡೆ ಹೆಣ್ಣುಮಗಳೊಬ್ಬಳು ಸತ್ತಾಗ ಗಂಡನನ್ನು ಹಿಡಿದಿದ್ದರು. ನೆಲದ ಮೇಲಿನ ಹನಿಗಳ ಅಂಚು ಮುಳ್ಳುಮುಳ್ಳಾಗಿತ್ತು. ಹೊಡೆತಕ್ಕೇ ಸಿಡಿದದ್ದು ಎಂದರು ಎಲ್ಲರೂ. ಸಾಹೇಬರು ನನ್ನ ಅಂಗಡಿಗೆ ಬಂದು, ಆ ಮನೆಯಲ್ಲಿದ್ದಂಥದ್ದೇ ಒರಟು ಫರಸಿ ಕೇಳಿದರು. ಬೆರಳಿಗೆ ಸೂಜಿ ಚುಚ್ಚಿಕೊಂಡು, ಎದೆಮಟ್ಟದಿಂದ ಮೆಲ್ಲಗೆ ಒಂದು ಹನಿ ಬಿಟ್ಟರು. ಅದಕ್ಕೂ ಮುಳ್ಳು ಮೂಡಿತು. ಪಾಲಿಶ್ ಕಲ್ಲಿನ ಮೇಲೆ ಬಿಟ್ಟದ್ದು ದುಂಡಗೆ ಕೂತಿತು.

"ಈಗ ನನಗ ಯಾರು ಹೊಡದ್ರು, ಹೇಳ್ರಿ?" ಎಂದು ನನ್ನನ್ನೇ ಕೇಳಿದರು.

ಗಂಡ ಒಳ್ಳೆಯವನೋ ಕೆಟ್ಟವನೋ, ಅವರು ಹೇಳಲಿಲ್ಲ. ಹನಿ ಹೇಳಿದಷ್ಟೇ ಬರೆದುಕೊಟ್ಟರು.

ಆ ಒರಟು ಫರಸಿ ಇನ್ನೂ ನನ್ನ ಷೆಡ್ಡಿನಲ್ಲಿದೆ. ಹನಿ ಕಪ್ಪಾಗಿದೆ. ಮೊನ್ನೆ ನನ್ನ ಹೆಂಡತಿ ಬಕೆಟ್ಟು, ಬ್ರಷ್ಷು ಹಿಡಿದು ಬಂದು, "ಇದೊಂದು ಕಲಿ ಭಾಳ ದಿನದ್ದದ. ತಿಕ್ಕಿ ತೊಳೀಲೇನ್ರಿ?" ಎಂದಳು.

"ಮುಟ್ಟಬ್ಯಾಡ! ಸಾಹೇಬರು ಬಂದು ನೋಡಬೇಕು" ಎಂದು ಚೀರಿಬಿಟ್ಟೆ.

ಸಾಹೇಬರು ತೀರಿಕೊಂಡು ವರ್ಷವಾಗಿತ್ತು. ಅವರ ಮಣ್ಣಿಗೆ ನಾವಿಬ್ಬರೂ ಹೋಗಿ ಬಂದಿದ್ದೆವು. ಅವಳು ಬಕೆಟ್ಟು ಎತ್ತಿಕೊಂಡು ಹೋದಳು.