ಬಾಯಿಮಾತಿನ ದಾರಿ

ನಮ್ಮ ವಕೀಲರು ದೊಡ್ಡ ಕೋರ್ಟಿನ ನ್ಯಾಯಾಧೀಶರಾದ ದಿನ ಕಡಬ ಪೇಟೆಯಲ್ಲಿ ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬ. ಫ್ಲೆಕ್ಸ್ ಹಾಕಿಸಿದ್ದಂತೂ ನಾನೇ. ಸಂಜೆಗೆ ಅವರ ಫೋನ್ ಬಂತು. ನಾನು ಎದ್ದು ನಿಂತೇ ಮಾತಾಡಿದೆ. "ಆ ಫ್ಲೆಕ್ಸನ್ನು ಈಗಲೇ ತೆಗೆಸಬೇಕು. ಇನ್ನು ಮುಂದೆ ಇಂಥದ್ದೆಲ್ಲ ಆಗಬಾರದು" ಎಂದರು. ಅಚ್ಚ ಪುಸ್ತಕದ ಕನ್ನಡ. ಅಷ್ಟು ವರ್ಷ ನನ್ನ ಹತ್ತಿರ ತುಳು ಬಿಟ್ಟು ಬೇರೆ ಮಾತಾಡದ ಮನುಷ್ಯ! ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಜಡ್ಜ್ ಅಂದಮೇಲೆ ಹೀಗೇ ಇರಬೇಕು ಎಂದು ಹೆಮ್ಮೆಪಟ್ಟೆ.

ಪುತ್ತೂರಿನ ಕೋರ್ಟು ಮುಗಿಸಿ, ಕಪ್ಪು ಕೋಟನ್ನು ಮಡಚಿ ಬೈಕಿನ ಪೆಟ್ಟಿಗೆಗೆ ತುರುಕಿ ನಮ್ಮೂರಿನ ಕಡೆ ಬರುತ್ತಿದ್ದ ಕಾಲದಿಂದ ಅವರನ್ನು ಬಲ್ಲೆ. ಮೊದಲು ತಾಲೂಕು ಪಂಚಾಯತಿಗೆ ನಿಂತು ಗೆದ್ದರು, ಆಮೇಲೆ ಜಿಲ್ಲಾ ಪಂಚಾಯತಿಗೆ. ಎರಡು ಸಲವೂ ಪ್ರಚಾರದ ಜೀಪಿನಲ್ಲಿ ಮೈಕು ಹಿಡಿದವನು ನಾನು. ಮನೆಯಲ್ಲಿ ನಮ್ಮದು ಅರೆಭಾಷೆ, ಪೇಟೆಯಲ್ಲಿ ತುಳು, ಅಂಗಡಿಯ ಗೆಳೆಯರಿಂದ ಕಲಿತ ಬ್ಯಾರಿ. ಊರು ನೋಡಿ ಭಾಷೆ ಬದಲಿಸಿ ಕೂಗುತ್ತಿದ್ದೆ. ಗಂಟಲು ಹರಿದು ಸ್ವರ ಬೀಳುವಾಗ ಅವರೇ ಬಿಸಿನೀರು ತರಿಸಿ, "ನನ್ನ ವೋಟಿನಲ್ಲಿ ಅರ್ಧ ನಿನ್ನ ಗಂಟಲಿನದ್ದು ಮಾರಾಯ" ಎನ್ನುತ್ತಿದ್ದರು. ಹೊಗಳಿದರೆ ಅಟ್ಟಕ್ಕೆ ಏರುವ ಜಾತಿ ನಾನು. ಇನ್ನೂ ಜೋರಾಗಿ ಕೂಗುತ್ತಿದ್ದೆ.

ಎರಡನೆಯ ಚುನಾವಣೆಗೆ ನಾನು ಹೆಚ್ಚು ಕೂಗಿದ್ದು ಒಂದೇ ಸಾಲು: "ಕೋರ್ಟಿನ ಮೆಟ್ಟಿಲು ಹತ್ತಿಸದೆ ದಾರಿ ಬಿಡಿಸಿಕೊಟ್ಟ ನಾಯಕ!" ಆ ದಾರಿ ನಮ್ಮ ಮನೆಯದೇ.

ನಮ್ಮ ಮನೆಗೆ ಹೋಗಬೇಕಾದರೆ ಪಕ್ಕದ ಧನಿಗಳ ರಬ್ಬರ್ ತೋಟದ ಅಂಚಿನಿಂದಲೇ ಹೋಗಬೇಕು. ಇನ್ನೊಂದು ಬದಿಯಲ್ಲಿ ಇರುವುದು ನೀರು ಹರಿಯುವ ತೋಡು ಮತ್ತು ಅದನ್ನು ನಡೆದು ದಾಟಲು ಹಾಕಿದ ಅಡಿಕೆ ಮರದ ಪಾಲ. ಒಮ್ಮೆ ಧನಿಗಳು ಯಾವುದೋ ಸಿಟ್ಟಿನಲ್ಲಿ ದಾರಿಗೆ ಮುಳ್ಳು ಹಾಕಿದರು. ಅಪ್ಪ ಕೇಸು ಹಾಕುತ್ತೇನೆಂದು ಹೊರಟಾಗ ತಡೆದವರು ವಕೀಲರು. "ನೀವು ಸಾಯುವವರೆಗೆ ನಡೀತದೆ ಅಣ್ಣ ಈ ಕೇಸು. ದೈವದ ಎದುರು ಮುಗಿಸುವ" ಎಂದರು.

ಹಾಗೆ ಊರಿನ ದೈವದ ಚಾವಡಿಯಲ್ಲಿ ಐದು ಜನ ಸೇರಿದರು: ಧನಿಗಳು, ಅಪ್ಪ, ಚಾವಡಿಯ ಹಿರಿಯರು, ವಕೀಲರು, ಮೂಲೆಯಲ್ಲಿ ನಾನು. ಆಟೋ ಹೋಗುವಷ್ಟು ಅಗಲದ ದಾರಿ, ಮಕ್ಕಳ ಕಾಲಕ್ಕೂ ಅಡ್ಡಿಯಿಲ್ಲ ಎಂದು ಧನಿಗಳು ಗಂಧಪ್ರಸಾದ ಹಿಡಿದು ಮಾತು ಕೊಟ್ಟರು. ನಾನು ನಾಲ್ಕು ಅಕ್ಷರ ಕಲಿತವನ ಗತ್ತಿನಲ್ಲಿ, ಇದನ್ನು ಬರೆದಿಡುವುದಲ್ಲವಾ ಎಂದೆ. ಅಪ್ಪ ಕಣ್ಣು ಕೆಂಪು ಮಾಡಿದರು. ದೈವದ ಎದುರು ಮಾತಾದ ಮೇಲೆ ಕಾಗದ ಕೇಳುವುದೆಂದರೆ ದೈವವನ್ನೇ ನಂಬದ ಹಾಗೆ. ವಕೀಲರು ನಕ್ಕರು. "ಸ್ಟಾಂಪ್ ಪೇಪರ್ ಎಂತಕ್ಕೆ ಮಾರಾಯ? ಸಾಕ್ಷಿಗೆ ನಾನಿಲ್ವಾ?"

ಬರುವಾಗ ದಾರಿಯ ತಿರುವಿನ ಹಲಸಿನ ಮರದ ಕೆಳಗೆ ಅಪ್ಪ ಒಂದು ಬಕ್ಕೆ ಹಣ್ಣು ಕೊಯ್ದು ಎಲ್ಲರಿಗೂ ಹಂಚಿದರು. ಧನಿಗಳೂ ಅಪ್ಪನೂ ಒಂದೇ ಹಣ್ಣಿನ ಸೊಳೆ ತಿಂದದ್ದು ಅದೇ ಮೊದಲು.

ವಕೀಲರಿಗೆ ವಿಧಾನಸಭೆಯ ಟಿಕೆಟು ಸಿಗಲಿಲ್ಲ. ಪಕ್ಷ ಬಿಟ್ಟರು, ಬೆಂಗಳೂರಿಗೆ ಹೋದರು, ಸರಕಾರಿ ವಕೀಲರಾದರು, ಆಮೇಲೆ ನಾನು ಹೇಳಿದ ಪಟಾಕಿ. ಇತ್ತ ಅಪ್ಪ ಹೋದರು, ಚಾವಡಿಯ ಹಿರಿಯರು ಹೋದರು, ಧನಿಗಳೂ ಹೋದರು. ಕೊಟ್ಟ ಮಾತನ್ನು ಸಾಯುವವರೆಗೆ ಉಳಿಸಿಕೊಂಡೇ ಹೋದರು, ಸುಳ್ಳು ಹೇಳಬಾರದು. ಅವರ ಮಗ ಬಂದವನು ತಿರುವಿನ ಹಲಸು ಕಡಿಸಿ, ಆ ಜಾಗದಲ್ಲಿ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಹಾಕಿದ.

ಗಂಡ ತೀರಿಕೊಂಡ ಮೇಲೆ ಅಕ್ಕ ನಮ್ಮ ಜೊತೆಗೇ ಇದ್ದಾಳೆ. ಅವಳ ಎರಡೂ ಕಿಡ್ನಿ ಕೆಟ್ಟಿವೆ. ವಾರ ವಾರವೂ ಡಯಾಲಿಸಿಸ್‌ಗೆಂದು ಪುತ್ತೂರಿಗೆ ಹೋಗಬೇಕು. ಮನೆಯ ಅಂಗಳಕ್ಕೇ ಬರುತ್ತಿದ್ದ ಆಟೋ ಈಗ ತೋಡಿನಾಚೆ ನಿಲ್ಲುತ್ತದೆ. ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಪಾಲದ ಮೇಲೆ ಜೀವ ಕೈಯಲ್ಲಿ ಹಿಡಿದು ತೋಡು ದಾಟಿಸಬೇಕು. ಮಳೆಗಾಲದಲ್ಲಿ ಹೇಗೆ ಎಂದು ಯೋಚಿಸಿದರೆ ನನಗೆ ನಿದ್ದೆ ಹತ್ತುವುದಿಲ್ಲ.

ಕೇಸು ಹಾಕಿದೆವು. ನಮ್ಮ ಈಗಿನ ವಕೀಲ ಎಲ್ಲ ಕೇಳಿಕೊಂಡು, "ಮಾತಾಗುವಾಗ ಅಲ್ಲಿದ್ದವರು ಯಾರಾದ್ರೂ ಉಂಟಾ? ನಿಮ್ಮನ್ನು ಬಿಟ್ಟು?" ಎಂದ. ನಾನು ಇಡೀ ತಾಲೂಕಿಗೇ ಮೈಕಿನಲ್ಲಿ ಸಾರಿದ್ದೇನೆ ಎಂದೆ. ಅವನಿಗೆ ನಗು ತಡೆಯಲಿಲ್ಲ. "ಮೈಕಲ್ಲಿ ಹೇಳಿದ್ದು ಸಾಕ್ಷಿ ಆಗುದಿಲ್ಲ ಮಾರಾಯ್ರೆ. ಉಳಿದದ್ದು ಈಗ ಜಡ್ಜ್ ಆಗಿದ್ದಾರಲ್ಲ, ಅವರೊಬ್ರೇ. ಅವರಾಗಿ ಬರ್ತೇನೆ ಹೇಳಿದ್ರೆ ನಿಮ್ಮ ಕೇಸು ಗೆದ್ದ ಹಾಗೆ."

ಅವರು ಕುಟುಂಬ ಸಮೇತ ಪೂಜೆಗೆಂದು ಸುಬ್ರಹ್ಮಣ್ಯಕ್ಕೆ ಬಂದದ್ದು ಗೊತ್ತಾಗಿ, ಬಿಳಿ ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೇ ಹೋದೆ. ವಸತಿಗೃಹದ ಬಾಗಿಲಲ್ಲಿ ಪೊಲೀಸರು. ಬಹಳ ಹೊತ್ತು ಕಾದ ಮೇಲೆ ಒಳಗೆ ಬಿಟ್ಟರು. ರೇಷ್ಮೆ ಪಂಚೆ, ಹಣೆಯಲ್ಲಿ ಗಂಧ, ಕೂದಲು ನೆರೆತದ್ದು ಬಿಟ್ಟರೆ ಅದೇ ಮುಖ. ನಾನು ಗೇಟಿನ ಕಥೆ, ಅಕ್ಕನ ಕಥೆ, ಕುರ್ಚಿಯ ಕಥೆ ಎಲ್ಲ ಹೇಳಿದೆ. "ನಮ್ಮ ಪರವಾಗಿ ಏನೂ ಹೇಳಬೇಡಿ. ಅವತ್ತು ಆದದ್ದು ಹೇಳಿದರೆ ಸಾಕು" ಎಂದು ಕೈ ಮುಗಿದೆ.

ಅವರು ಕಿಟಕಿಯ ಕಡೆ ನೋಡಿದರು. "ನಾನಿರುವ ಸ್ಥಾನದಲ್ಲಿ ಇಂಥದ್ದಕ್ಕೆಲ್ಲ ಬರಲಾಗುವುದಿಲ್ಲ. ಅಲ್ಲದೆ ನೀವು ಹೇಳುವಂಥ ಮಾತುಕತೆ ನಡೆದ ನೆನಪೂ ನನಗಿಲ್ಲ."

ಮೊದಲನೆಯ ಮಾತಿಗೇ ನಿಲ್ಲಿಸಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ದೊಡ್ಡ ಕುರ್ಚಿಗೆ ಅದರದ್ದೇ ಕಟ್ಟುಪಾಡು ಇರಬಹುದು, ನನಗೇನು ಗೊತ್ತು? ನೆನಪಿಲ್ಲ ಎಂದರಲ್ಲ, ಅದು ನನ್ನ ಎದೆಗೆ ನಾಟಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ಇವರು ಹೊಳೆಯೇ ಇರಲಿಲ್ಲ ಎನ್ನುತ್ತಿದ್ದರು. ನಾನು ಎದ್ದು ಬಂದು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದೆ.

ಹಿಂದಿನಿಂದ ಸ್ವರ ಕೇಳಿತು. ಈ ಸಲ ತುಳು, ಹಳೆಯ ಸಲಿಗೆಯ ತುಳು. "ಹೋ ಮಾರಾಯ, ಆ ತಿರುವಿನ ಹಲಸು ಈಗಲೂ ಉಂಟಾ? ಅವತ್ತು ನಿನ್ನಪ್ಪ ಕೊಯ್ದು ಕೊಟ್ಟ ಬಕ್ಕೆ! ಅಂಥ ಹಣ್ಣು ಬೆಂಗಳೂರಿನಲ್ಲಿ ಎಲ್ಲಿಯೂ ಸಿಕ್ಕುದಿಲ್ಲ."

ತಿರುಗಿ ನೋಡಿದೆ. ನಿಜವಾಗಿಯೂ ಆಸೆಯಿಂದಲೇ ಕೇಳಿದ್ದರು. "ಕಡಿದಿದ್ದಾರೆ" ಎಂದಷ್ಟೇ ಹೇಳಿ ಬಂದುಬಿಟ್ಟೆ.

ಮನೆಗೆ ಬಂದಾಗ ಅಕ್ಕ ಜಗಲಿಯಲ್ಲೇ ಕಾಯುತ್ತಿದ್ದಳು. "ಬರ್ತಾರಂತಾ?" ಎಂದಳು.

"ಇಲ್ಲ. ಅವತ್ತಿನದ್ದು ಅವರಿಗೆ ನೆನಪಿಲ್ಲವಂತೆ. ಹಲಸಿನ ಹಣ್ಣು ಉಂಟಾ ಅಂತ ಕೇಳಿದರು."

ಅಕ್ಕ ಜಗಲಿಯ ಮೂಲೆಯಲ್ಲಿದ್ದ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ, ನಾಳೆ ಆಸ್ಪತ್ರೆಗೆ ಹೋಗುವ ದಿನ, ಕುರ್ಚಿಯ ಒಂದು ಕಾಲು ಬಿರುಕು ಬಿಟ್ಟಿದೆ, ಹಗ್ಗ ಸುತ್ತಿಡು ಎಂದಳು.